ಅಕ್ಕನ ಮನೆಯ ಕಂದಾಯ

ಗೂಳೂರಿನ ಅಂಗನವಾಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ 'ಹಂಚಿಕೊಂಡು ತಿನ್ರೋ' ಎಂದು ಮಕ್ಕಳಿಗೆ ಬುದ್ಧಿ ಹೇಳುತ್ತಿರುವ ಪ್ರಮೀಳಾಗೆ, ಅಕ್ಕನದು ಏನೇ ಕಂಡರೂ ಕಣ್ಣು ಕುಕ್ಕುತ್ತಿತ್ತು. ಅಕ್ಕ ಮಾಲಿನಿಗೆ ಮೊಣಕಾಲುದ್ದ ಜಡೆ, ಇವಳಿಗೆ ಇಲಿಬಾಲ. ಅಕ್ಕನ ಸಾರಿಗೆ ಬೀದಿಯೇ ಬಾಯಿ ಚಪ್ಪರಿಸಿದರೆ, ಇವಳ ಸಾರಿಗೆ ಗಂಡನೇ ಉಪ್ಪು ಕೇಳುತ್ತಿದ್ದ. ಅದನ್ನೆಲ್ಲ ಹಣೆಬರಹವೆಂದು ನುಂಗಿಕೊಂಡಿದ್ದಳು. ಕಂದಾಯದ ರಸೀದಿಯನ್ನು ಮಾತ್ರ ನುಂಗಲಾಗಲಿಲ್ಲ.

ಹೆಬ್ಬೂರಿನ ಅಪ್ಪ ತುಮಕೂರಿನಲ್ಲಿ ಕೊಂಡಿದ್ದ ಮೂವತ್ತು ಅಡಿ ಅಗಲದ ಸೈಟನ್ನು ಇಬ್ಬರಿಗೂ ಹದಿನೈದು ಹದಿನೈದು ಅಡಿ ಬರೆದುಕೊಟ್ಟಿದ್ದರು. ಒಬ್ಬನೇ ಮೇಸ್ತ್ರಿ ಎರಡೂ ಮನೆಗಳನ್ನು ಒಟ್ಟಿಗೇ ಎಬ್ಬಿಸಿದ್ದ. ಪ್ರತಿವರ್ಷ ಕಂದಾಯ ಕಟ್ಟುತ್ತಿದ್ದವನು ಪ್ರಮೀಳಾಳ ಗಂಡ ಗಂಗಾಧರ. ಈ ಏಪ್ರಿಲ್‌ನಲ್ಲಿ ರಿಯಾಯಿತಿ ಮುಗಿಯುವ ಮುಂಚೆ ಅಕ್ಕತಂಗಿಯರೇ ಹೋಗಿ ಕಟ್ಟಿದರು. ಅಕ್ಕನಿಗೆ ಎರಡು ಸಾವಿರದ ನೂರು, ಪ್ರಮೀಳಾಗೆ ಎರಡು ಸಾವಿರದ ಏಳುನೂರು. ರಸೀದಿಯಲ್ಲಿ ಅಳತೆಯೂ ಇತ್ತು. ಹೊಟ್ಟೆ ಉರಿಯುವವಳಿಗೆ ಅಳತೆ ಎಲ್ಲಿ ಕಾಣಬೇಕು!

"ಭಾವ ಯಾರ್ದೋ ಕೈ ಬಿಸಿ ಮಾಡವ್ರೆ ಕಣ್ರೀ," ಎಂದು ಗಂಡನ ಮುಂದೆ ಕುದಿದಳು.

"ಬುಡೇ, ಆರ್ನೂರು ರೂಪಾಯ್ಗೆ ಒಡಹುಟ್ಟಿದೋಳ್ನ ಕಳ್ಕೋತೀಯಾ?" ಎಂದ ಗಂಗಾಧರ.

ಮಾರನೆಯ ದಿನವೇ ಎರಡೂ ಮನೆ ಅಳೆಯಬೇಕೆಂದು ಪ್ರಮೀಳಾ ಅರ್ಜಿ ಕೊಟ್ಟು ಬಂದಳು.

ಶನಿವಾರ ಬಿಲ್ ಕಲೆಕ್ಟರ್ ಏಕಾಂತಯ್ಯ ಟೇಪು ಹಿಡಿದು ಬಂದರು. ಏನೂ ಅರಿಯದ ಮಾಲಿನಿ ಅವರಿಗೆ ಮಜ್ಜಿಗೆ ಕೊಟ್ಟು, ಟೇಪಿನ ಒಂದು ತುದಿಯನ್ನೂ ತಾನೇ ಹಿಡಿದಳು. ಅಕ್ಕನ ಮನೆ ಹದಿಮೂರು ಅಡಿ. ಪ್ರಮೀಳಾಳದು ಹದಿನೇಳು.

"ಕಂದಾಯ ಸರ್ಯಾಗೇ ಐತಲ್ಲಮ್ಮ," ಎಂದು ಏಕಾಂತಯ್ಯ ಪ್ರಮೀಳಾಳ ಕಡೆ ತಿರುಗಿದರು. "ಆದ್ರೆ ಪತ್ರದಲ್ಲಿ ಹದಿನೈದೇ ಇರೋದು. ನಿಮ್ಮ ಗೋಡೆ ಅವ್ರ ಜಾಗಕ್ಕೆ ಎರಡಡಿ ಬಂದೈತೆ. ನಿಮ್ಮ ಅರ್ಜಿ ಮೇಲೆ ಹಂಗೇ ಬರೀಲಾ?"

ಪ್ರಮೀಳಾ ತನ್ನ ಗೋಡೆಯ ಕಡೆ ನೋಡಿದಳು. ಆ ಎರಡಡಿ ಹೋದರೆ ಅತ್ತೆ ಮಲಗಿದ್ದ ಕೋಣೆಯೇ ಹೋದಂತೆ.

"ಏನೂ ಬರೀಬೇಡಿ ಸಾರ್," ಎಂದಳು ಮಾಲಿನಿ. "ಪಾಯ ಹಾಕೋವಾಗ ನಾನೇ ಗೂಟ ಜರುಗಿಸಿದ್ದು. ಇವ್ಳ ಅತ್ತೆಗೆ ಲಕ್ವ ಹೊಡೆದಿತ್ತು. ಮಂಚ ಹಾಕಕ್ಕೆ ಜಾಗ ಸಾಲಲ್ಲ ಅಂತ ಅಳ್ತಿದ್ಲು. ಹೇಳಿದ್ರೆ ಬ್ಯಾಡ ಅಂತ ಹಟ ಮಾಡ್ತಾಳೆ ಅಂತ ಸುಮ್ನಾದೆ."

ಅರ್ಜಿಯ ಬಗ್ಗೆ ಅಕ್ಕ ಒಂದು ಮಾತೂ ಕೇಳಲಿಲ್ಲ. ಕೇಳಿ ನಾಲ್ಕು ಬೈದಿದ್ದರೆ ಪ್ರಮೀಳಾಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಜಡೆಗೆ ಉರಿದದ್ದಾಯಿತು, ಸಾರಿಗೆ ಉರಿದದ್ದಾಯಿತು; ಅರ್ಜಿ ವಾಪಸ್ಸೆಂದು ಸಹಿ ಹಾಕುವಾಗ ಅಕ್ಕನ ದೊಡ್ಡ ಮನಸ್ಸು ಕಂಡೂ ಹೊಟ್ಟೆ ಉರಿಯಿತು. ಕೊಡುವುದರಲ್ಲೂ ಇವಳೇ ಮುಂದೆ ಹೋಗಬೇಕಿತ್ತೇ?

ಮಧ್ಯಾಹ್ನ ಅಕ್ಕನ ಮನೆಯಿಂದ ಬಸ್ಸಾರು ಬಂತು. ಗಂಗಾಧರ ಉಪ್ಪು ಕೇಳದೆ ಎರಡು ಮುದ್ದೆ ಉಂಡ. ಪ್ರಮೀಳಾಗೆ ಒಂದು ತುತ್ತೂ ಇಳಿಯಲಿಲ್ಲ.