ಸೋಲಾರಿಗೆ ಕಾಗೆ ಕಾಯುವ ಕೊಡೆ

ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ನಮ್ಮ ಯಜಮಾನರು ಮನೆಯಲ್ಲೇ ಸೋಲಾರ್ ಪ್ಯಾನಲ್ ಮಾಡಿದರು. ಹಪ್ಪಳಕ್ಕಿಂತ ತೆಳುವಾದ ಸೆಲ್‌ಗಳನ್ನು ಸಾಲಾಗಿ ಬೆಸುಗೆ ಹಾಕಿ, ಹಳೆಯ ಕಿಟಕಿಯ ಗಾಜಿನಡಿ ಕೂರಿಸಿದ್ದರು. ಬಿಸಿಲು ಬಿದ್ದರೆ ಅದಕ್ಕೆ ಜೋಡಿಸಿದ ಪುಟ್ಟ ಫ್ಯಾನು ತಿರುಗಬೇಕು. ಬತ್ತೇರಿ ಪೇಟೆಯಲ್ಲಿ ಅಂಗಡಿ ಇಟ್ಟಿರುವ ನನ್ನ ಮೈದುನ ಇದನ್ನು ಕೇಳಿ ಫೋನಿನಲ್ಲೇ ನಕ್ಕುಬಿಟ್ಟಿದ್ದ. ಭಾನುವಾರ ಅವನನ್ನು ಊಟಕ್ಕೆ ಕರೆದು, ಅವನೆದುರೇ ಫ್ಯಾನು ತಿರುಗಿಸಿ ತೋರಿಸಬೇಕೆಂಬ ಹಟ ಇವರಿಗೆ.

ಬೆಳಿಗ್ಗೆ ಕರಿಮೆಣಸು ಒಣಗಿಸುವ ಅಂಗಳದಲ್ಲಿ ಪ್ಯಾನಲ್ ಇಟ್ಟರು. ಫ್ಯಾನು ಚೆನ್ನಾಗಿಯೇ ತಿರುಗಿತು. ಕಾಗೆ ಬಂದು ಗಾಜನ್ನು ಗಲೀಜು ಮಾಡೀತೆಂದು, ನಾನು ಹಪ್ಪಳ ಒಣಗಿಸುವಾಗ ಮಾಡುವ ಹಾಗೆ ಪಕ್ಕದಲ್ಲೊಂದು ಕಪ್ಪು ಕೊಡೆ ಬಿಚ್ಚಿಟ್ಟರು.

ಊಟ ಮುಗಿಸಿ ತಮ್ಮನನ್ನು ಕರೆತಂದರೆ ಫ್ಯಾನು ನಿಂತಿದೆ!

"ಏನಣ್ಣಾ, ನಿನ್ ಫ್ಯಾನೂ ಉಂಡು ಮಲಗ್ಬಿಡ್ತಾ?"

"ಸುಮ್ನಿರೋ, ವಯರ್ ಲೂಸಾಗಿರ್ಬೇಕು." ಇವರು ಬೆವರುತ್ತಾ ವಯರುಗಳನ್ನು ಬಿಚ್ಚಿ ಕಟ್ಟತೊಡಗಿದರು.

ನಾನು ನೋಡಿದೆ. ಸೂರ್ಯ ಪಶ್ಚಿಮಕ್ಕೆ ವಾಲಿ, ಕೊಡೆಯ ನೆರಳು ಪ್ಯಾನಲ್ಲಿನ ಮೇಲೆ ಬಿದ್ದಿತ್ತು. ಬಾಯಿಬಿಟ್ಟು ಹೇಳಿದರೆ ತಮ್ಮನೆದುರು ಇವರ ಮರ್ಯಾದೆ ಹೋಗುತ್ತದೆ.

"ಏನ್ ಬಿಸ್ಲಪ್ಪಾ! ಹಿತ್ಲಿಂದ ಕರಿಬೇವು ತತ್ತೀನಿ," ಎಂದು ಆ ಕೊಡೆಯನ್ನೇ ಎತ್ತಿಕೊಂಡು ಹೊರಟೆ. ಹಿಂದಿನಿಂದ ಫ್ಯಾನು ಗುರ್ರೆಂದಿತು.

"ನೋಡ್ದೇನೋ? ನಾ ಹೇಳಿಲ್ವಾ, ವಯರೇ ಲೂಸು!"

"ಶೆರಿ ಅಣ್ಣಾ, ಒಪ್ಕೊಂಡೆ," ಎಂದ ಮೈದುನ.

ಸಂಜೆಯವರೆಗೂ ಬಂದವರಿಗೆಲ್ಲ ಇವರು ಆ ವಯರಿನ ಕತೆ ಹೇಳಿದರು. ನಾನು ಪ್ರತಿ ಸಲವೂ ಈಗಷ್ಟೇ ಕೇಳಿದವಳ ಹಾಗೆ ಬೆರಗಾದೆ.