ಬೈಸಿಕೊಂಡು ಕಲಿತ ಜಪಾನಿ

ಆಂಧ್ರದ ಗಡಿಗೆ ಅಂಟಿದ ರಾಯಲ್ಪಾಡಿನ ಹುಡುಗಿ ವಾಣಿಶ್ರೀ ಮದುವೆಯಾಗಿ ಮಾಲೂರಿನ ಪಕ್ಕದ ಹಳ್ಳಿಗೆ ಬಂದಾಗ ಅವಳಿಗೆ ಕನ್ನಡ ಬರುತ್ತಿತ್ತು ಎಂದರೂ ಸರಿಯೇ, ಬರುತ್ತಿರಲಿಲ್ಲ ಎಂದರೂ ಸರಿಯೇ. ಹತ್ತು ವರ್ಷ ಕನ್ನಡ ಶಾಲೆಯಲ್ಲಿ ಓದಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ನೂರಾ ಎಂಟು ಅಂಕ ಬಂದಿತ್ತು. ಆದರೆ ಮನೆಯಲ್ಲಿ, ಬೀದಿಯಲ್ಲಿ, ಮಾವಿನ ತೋಪಿನಲ್ಲಿ ನಾಲಗೆಗೆ ಸಿಗುತ್ತಿದ್ದದ್ದು ತೆಲುಗು ಮಾತ್ರ. ಬಂದ ಮಾರನೆಯ ದಿನ ಅತ್ತೆಯ ಮುಂದೆ ನಿಂತು, "ನಾನು ನೀರನ್ನು ತರಲೇ?" ಎಂದು ಕೇಳಿದಾಗ ರಾಮಲಕ್ಷ್ಮಮ್ಮ ಒಲೆ ಊದುವುದನ್ನು ಬಿಟ್ಟು ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಇದೇನೇ, ಮೇಷ್ಟ್ರಿಗೆ ಪಾಠ ಒಪ್ಪಿಸ್ದಂಗೆ ಮಾತಾಡ್ತೀಯ?"

ಆಮೇಲಿನ ಕನ್ನಡವನ್ನೆಲ್ಲ ವಾಣಿಶ್ರೀ ಕಲಿತದ್ದು ಬೈಸಿಕೊಂಡೇ. ಮುದ್ದೆ ಗಂಟಾದರೆ ಬೈಗುಳ, ಹಸುವಿನ ಕಣ್ಣಿ ಸಡಿಲವಾದರೆ ಬೈಗುಳ, ಹಿಪ್ಪುನೇರಳೆ ಸೊಪ್ಪು ಬಾಡಿದರೆ ಎರಡು ಪಟ್ಟು ಬೈಗುಳ. ಶಾಲೆಯಲ್ಲಿ ಹತ್ತು ವರ್ಷಕ್ಕೆ ಬಾರದ ಮಾತು ಆರು ತಿಂಗಳಲ್ಲಿ ಬಂತು. ಬಂದದ್ದೇನೋ ಬಂತು, ಆದರೆ ಇಪ್ಪತ್ತರ ಹುಡುಗಿ ಅರವತ್ತರ ಮುದುಕಿಯ ಹಾಗೆ ಮಾತಾಡತೊಡಗಿದಳು. ಗಂಡ ವೆಂಕಟ್ ತನ್ನ ಸ್ನೇಹಿತರನ್ನು ಊಟಕ್ಕೆ ಕರೆದಿದ್ದ ದಿನ, "ಏನ್ರಪ್ಪಾ, ಸೊರಗೋಗಿದೀರಲ್ಲ, ಹೊಟ್ಟೆಗೇನೂ ತಿನ್ನಲ್ವಾ?" ಎಂದು ಅವಳು ವಿಚಾರಿಸಿಕೊಂಡಾಗ ಅವರು ನಗು ತಡೆಯಲಾರದೆ ಎದ್ದು ಹೊರಗೆ ಹೋದರು. ವಾಣಿಶ್ರೀಗೆ ಬೇಜಾರೇನೂ ಆಗಲಿಲ್ಲ, ಅವಳಿಗೆ ಬೇಕಿದ್ದದ್ದು ಅತ್ತೆಯ ಮೆಚ್ಚುಗೆ. ರಾಮಲಕ್ಷ್ಮಮ್ಮ ಹೊಗಳುವವಳಲ್ಲ, ಆಕೆಯ ಬಾಯಿಂದ ಬರುವ ಅತಿ ದೊಡ್ಡ ಹೊಗಳಿಕೆ ಎಂದರೆ "ಪರ್ವಾಗಿಲ್ಲ ಕಣೇ". ಅದು ವರ್ಷಕ್ಕೆ ಒಂದೆರಡು ಸಲ ಬಂದರೆ ಹೆಚ್ಚು.

ಇಷ್ಟನ್ನು ಮೊದಲೇ ಹೇಳಿದ್ದು ಯಾಕೆಂದರೆ, ಇದೇ ವಾಣಿಶ್ರೀ ಮುಂದೆ ಜಪಾನಿ ಭಾಷೆ ಕಲಿತದ್ದೂ ಹೀಗೆಯೇ. ಪರಭಾಷೆ ಕಲಿಯುವುದು ಹೇಗೆಂದು ಈಗ ಊರೆಲ್ಲ ಉಪದೇಶ. ಮೊಬೈಲಿನಲ್ಲಿ ದಿನಕ್ಕೆ ಹತ್ತು ಪದ ಕಲಿಸುವ ಆಪ್ ಇದೆ, ಮೂವತ್ತು ದಿನದಲ್ಲಿ ಕಲಿಸುವ ಪುಸ್ತಕ ಇದೆ. ಇರಲಿ, ಕಲಿಯುವವರು ಕಲಿಯಲಿ. ನಮ್ಮ ವಾಣಿಶ್ರೀಯ ದಾರಿ ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ.

ಮಕ್ಕಳಿಬ್ಬರೂ ಶಾಲೆಗೆ ಹೋಗತೊಡಗಿದ ಮೇಲೆ ಅವಳು ಮಾಲೂರಿನ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಗೆ ಸೇರಿದಳು. ಕಾರಿನೊಳಗೆ ಹಾಯುವ ವೈರುಗಳನ್ನು ಕಟ್ಟು ಕಟ್ಟಿ ಜೋಡಿಸುವ ಕೆಲಸ. ಅಲ್ಲಿ ಹೊಸ ಲೈನ್ ನಿಲ್ಲಿಸಿಕೊಡಲು ಜಪಾನಿನಿಂದ ಬಂದವನು ಕುರೋಕಿ. ಜಪಾನಿನ ದಕ್ಷಿಣದ ತುದಿಯ ಯಾವುದೋ ಹಳ್ಳಿಯವನು, ಅರವತ್ತು ದಾಟಿದ ಮೇಸ್ತ್ರಿ. ಹುರಿ ಹಗ್ಗದಂಥ ಮೈ, ಮೂಗಿನ ತುದಿಯಲ್ಲಿ ಕೋಪ. ಜೊತೆಗೊಬ್ಬ ದುಭಾಷಿ ಇದ್ದ. ಕುರೋಕಿ ಐದು ನಿಮಿಷ ಕೂಗಾಡಿದರೆ ದುಭಾಷಿ, "ಸ್ವಲ್ಪ ಜಾಗ್ರತೆಯಿಂದ ಮಾಡಿ ಅಂತಿದಾರೆ" ಎಂದು ಹೇಳಿ ಮುಗಿಸುತ್ತಿದ್ದ. ಮೂರನೆಯ ತಿಂಗಳು ಅವನಿಗೆ ಬೇರೆ ಕಡೆ ಕೆಲಸ ಸಿಕ್ಕಿತು. ಆಮೇಲೆ ಲೈನಿನಲ್ಲಿ ಉಳಿದದ್ದು ಕುರೋಕಿಯ ಬಾಯಿ ಮತ್ತು ಹೆಂಗಸರ ಕಿವಿ.

ಅದರಲ್ಲೂ ವಾಣಿಶ್ರೀಯ ಕಿವಿ. ಅವಳದು ಮೊದಲನೆಯ ಜಾಗ, ಕುರೋಕಿ ನಿಲ್ಲುತ್ತಿದ್ದದ್ದು ಅದರ ಪಕ್ಕದಲ್ಲೇ. ವೈರಿನ ತುದಿಯ ಪ್ಲಾಸ್ಟಿಕ್ ಕನೆಕ್ಟರನ್ನು ಅದರ ಗೂಡಿಗೆ ಕೂರಿಸಿದರೆ ಟಕ್ ಎನ್ನಬೇಕು. ಟಕ್ ಎಂದ ಮೇಲೆ ಬೆರಳು ತೋರಿಸಿ, ಗಟ್ಟಿಯಾಗಿ "ಯೋಶಿ" ಎನ್ನಬೇಕು. ಸರಿಯಾಗಿದೆ ಎಂದು ಅದರ ಅರ್ಥ. ಮಿಕ್ಕ ಹೆಂಗಸರು ನಾಚಿಕೊಂಡು ಗೊಣಗಿದರೆ ವಾಣಿಶ್ರೀ ಹೊಲದಲ್ಲಿ ಹಕ್ಕಿ ಓಡಿಸುವಂತೆ ಕೂಗಿದಳು. ಟಕ್ ಎನ್ನದಿದ್ದರೆ ಕುರೋಕಿಯಿಂದ "ದಮೆ" ಬರುತ್ತಿತ್ತು, ಅಂದರೆ ಆಗಲ್ಲ. ಹಿಂದೆಯೇ "ಮೋ ಇಕ್ಕಾಯ್", ಇನ್ನೊಂದು ಸಲ. ಆ ಎರಡರ ಹಿಂದೆ ಅವನ ಊರಿನ ಬೈಗುಳದ ಮೆರವಣಿಗೆ.

ಅವಳು ಒಂದನ್ನೂ ಬರೆದುಕೊಳ್ಳಲಿಲ್ಲ. ಬೈದ ಮಾತನ್ನು ಬೈದವನ ಮುಂದೆಯೇ, ಅದೇ ರಾಗದಲ್ಲಿ ತಿರುಗಿ ಹೇಳುತ್ತಿದ್ದಳು. ಕುರೋಕಿ ಮೊದಮೊದಲು ಕೆರಳಿದ, ಆಮೇಲೆ ತಿದ್ದತೊಡಗಿದ. ಸಂಜೆ ಮನೆಗೆ ಬಂದು ಒಲೆ, ಪಾತ್ರೆ, ಹಸು, ಎಲ್ಲಕ್ಕೂ ಬೆರಳು ತೋರಿಸಿ ಯೋಶಿ ಎನ್ನುತ್ತಿದ್ದಳು. ಗೊತ್ತಿಲ್ಲದ ವಸ್ತುವಿಗೆ ಮಾರನೆಯ ದಿನ ಅವನಿಂದ ಹೆಸರು ಕೇಳಿ ತರುತ್ತಿದ್ದಳು. ತಪ್ಪಾದರೆ ಏನಾಗುತ್ತದೆ, ಬೈತಾನೆ. ಬೈಸಿಕೊಳ್ಳುವುದು ಅವಳಿಗೆ ಹೊಸದಲ್ಲ. ವರ್ಷ ತುಂಬುವಷ್ಟರಲ್ಲಿ ಅವನ ಮಾತಿಗೆ ಲೈನಿನಲ್ಲಿ ಅವಳೇ ದುಭಾಷಿಯಾಗಿದ್ದಳು.

ಒಂದು ಭಾನುವಾರ ಅವನನ್ನು ಊಟಕ್ಕೆ ಕರೆದಳು. ಕುರೋಕಿ ಮುದ್ದೆಯನ್ನು ಮುರಿದು ಬಾಯಿಗಿಟ್ಟು ಅಗಿಯತೊಡಗಿದ. ರಾಮಲಕ್ಷ್ಮಮ್ಮ ಸುಮ್ಮನಿರುವವಳೇ?

"ಅಗೀಬೇಡ್ವೋ, ನುಂಗು. ಹಲ್ಲಿಗೆ ಅಂಟ್ಕೊಳ್ತದೆ. ಸಾರಲ್ಲಿ ಅದ್ದು, ನುಂಗು."

ಮಾತು ತಿಳಿಯದಿದ್ದರೂ ಬೈಗುಳವೆಂದು ಕುರೋಕಿಗೆ ತಿಳಿಯಿತು. ನೆಟ್ಟಗೆ ಕೂತು, ಸಾರಿನಲ್ಲಿ ಅದ್ದಿ ನುಂಗಿದ. ನಾಲ್ಕನೆಯ ತುತ್ತಿಗೆ ರಾಮಲಕ್ಷ್ಮಮ್ಮ, "ಪರ್ವಾಗಿಲ್ಲ ಕಣೇ, ಕಲೀತಾನೆ" ಎಂದು ಸೊಸೆಗೆ ಹೇಳಿದಳು. ಹಾಗೆಂದರೇನೆಂದು ಅವನು ಕೇಳಿದ. ವಾಣಿಶ್ರೀ ವಿವರಿಸಿದಳು: ಈ ಮನೆಯಲ್ಲಿ ಇದಕ್ಕಿಂತ ದೊಡ್ಡ ಬಹುಮಾನ ಇಲ್ಲ. ಕುರೋಕಿ ಆ ಮಾತನ್ನು ಮೂರು ಸಲ ಬಾಯಲ್ಲಿ ಹೇಳಿಕೊಂಡ.

ಆದರೆ ಒಂದೂವರೆ ವರ್ಷದಲ್ಲಿ ಅವನು ವಾಣಿಶ್ರೀಯನ್ನು ಒಮ್ಮೆಯೂ ಹೊಗಳಲಿಲ್ಲ. ನಿವೃತ್ತಿಯಾಗಿ ಊರಿಗೆ ಹೊರಟ ದಿನವೂ ಅವಳು ವೈರು ಜೋಡಿಸುವ ಬೋರ್ಡಿನಲ್ಲಿ ಸಡಿಲವಾಗಿದ್ದ ಒಂದು ಟೇಪಿನ ಸುತ್ತನ್ನು ತೋರಿಸಿ, ದಮೆ ಎಂದು ಹೋದ. ಮನೆಗೆ ಹೋಗುವ ಬಸ್ಸಿನಲ್ಲಿ ಕೂತು ವಾಣಿಶ್ರೀ ಅತ್ತಳು. ಅದು ನೋವಿಗೋ ಸಿಟ್ಟಿಗೋ ಅವಳಿಗೇ ತಿಳಿಯಲಿಲ್ಲ.

ಕಳೆದ ವರ್ಷ ಕಂಪನಿ ಇನ್ನೂ ಎರಡು ಲೈನ್ ತೆರೆಯುವುದಾಗಿ ಹೇಳಿತು. ಹೊಸಬರಿಗೆ ಕೆಲಸ ಕಲಿಸಲು ಒಬ್ಬ ಟ್ರೈನರ್ ಬೇಕು. ಅಲ್ಲಿಯವರೆಗೆ ಆ ಹುದ್ದೆಯಲ್ಲಿ ಇದ್ದವರೆಲ್ಲ ಡಿಪ್ಲೊಮಾ ಮಾಡಿದ ಗಂಡಸರು. ಜಪಾನಿನಿಂದ ಮೂವರು ಬರುತ್ತಾರೆ, ಅವರ ಮುಂದೆ ಹತ್ತು ನಿಮಿಷ ಜಪಾನಿಯಲ್ಲಿ ಲೈನಿನ ಕೆಲಸ ವಿವರಿಸಬೇಕು, ಅವರೇ ಆರಿಸುತ್ತಾರೆ. ವಾಣಿಶ್ರೀ ಹೆಸರು ಕೊಟ್ಟಳು. ಹತ್ತನೇ ತರಗತಿಯ ಮೇಲೆ ಓದಿಲ್ಲದ ಅವಳಿಗೆ ಲೈನಿನಿಂದ ಮೇಲೆ ಹೋಗಲು ಇದ್ದದ್ದು ಇದೊಂದೇ ಮೆಟ್ಟಿಲು. ಇದು ತಪ್ಪಿದರೆ ನಿವೃತ್ತಿಯವರೆಗೂ ಮೊದಲನೆಯ ಜಾಗದಲ್ಲೇ ನಿಂತಿರಬೇಕು.

ಸಿಬ್ಬಂದಿ ವಿಭಾಗದ ವೇಣುಗೋಪಾಲ್ ಕೆಟ್ಟವರಲ್ಲ, ಭಯಸ್ಥರು. ವಾರಕ್ಕೊಮ್ಮೆ ಕೋಲಾರದಿಂದ ಬಂದು ಜಪಾನಿ ಪಾಠ ಹೇಳುತ್ತಿದ್ದ ಅನಿತ ಮೇಡಂ ಹತ್ತಿರ ಅವರೇ ಅವಳನ್ನು ಕರೆದುಕೊಂಡು ಹೋದರು. ಅನಿತ ಜಪಾನಿಯಲ್ಲಿ ಏನೋ ಕೇಳಿದರು. ವಾಣಿಶ್ರೀ ತಡೆಯಿಲ್ಲದೆ ಎರಡು ನಿಮಿಷ ಉತ್ತರಿಸಿದಳು. ಅನಿತ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

"ವಾಣಿಶ್ರೀ ಅವ್ರೆ, ನೀವು ಮಾತಾಡ್ತಿರೋದು ಜಪಾನೀಸೇ. ಆದ್ರೆ ಯಾರೋ ಹಳ್ಳಿ ಮುದುಕ ಹೆಂಡ ಕುಡಿದು ಆಳುಗಳ್ನ ಗದರಿಸ್ತಿದಾನೆ ಅನ್ಸುತ್ತೆ. ಹೆಂಗಸ್ರು ಹೀಗೆ ಮಾತಾಡಲ್ಲ. ದೊಡ್ಡೋರ ಮುಂದೆ ಅಂತೂ ಯಾರೂ ಮಾತಾಡಲ್ಲ."

ವೇಣುಗೋಪಾಲ್ ಮುಖ ಬಿಳುಪೇರಿತು. "ನೋಡಮ್ಮ, ಹತ್ತು ವಾಕ್ಯ ಮೇಡಂ ಬರ್ಕೊಡ್ತಾರೆ. ಅದನ್ನ ಉರು ಹೊಡೀರಿ. ಅದು ಬಿಟ್ಟು ಒಂದಕ್ಷರ ಆಡ್ಬೇಡಿ."

ಮೂರು ತಿಂಗಳು ಅವಳು ಉರು ಹೊಡೆದಳು. ಅನಿತ ಒಳ್ಳೆಯ ಟೀಚರು, ಕಲಿಸಿದ್ದೂ ಒಳ್ಳೆಯದನ್ನೇ. ಆದರೆ ಬಾಯಿ ತೆರೆಯುವ ಮುಂಚೆ ಇದು ಮರ್ಯಾದೆಯ ಮಾತೋ ಅಲ್ಲವೋ ಎಂದು ತೂಗಿ ನೋಡಿ ನೋಡಿ ಅವಳ ನಾಲಗೆಗೆ ಬೀಗ ಬಿತ್ತು. ಲೈನಿನಲ್ಲಿ ಯೋಶಿ ಎನ್ನುವ ದನಿ ಕೂಡ ಇಳಿಯಿತು. ಮನೆಯಲ್ಲಿ ಅವಳು ಗೋಡೆ ನೋಡಿಕೊಂಡು ಪಿಸುಗುಡುತ್ತಿದ್ದದ್ದನ್ನು ಕೇಳಿ ರಾಮಲಕ್ಷ್ಮಮ್ಮ, "ಮತ್ತೆ ಪಾಠ ಒಪ್ಪಿಸ್ತಿದೀಯಲ್ಲೇ" ಎಂದಳು. ವಾಣಿಶ್ರೀಗೆ ಆ ಮಾತು ಚುರ್ರೆಂದಿತು.

ಆ ದಿನ ಬಂತು. ಮೂವರು ಜಪಾನಿನವರು, ಅವರಲ್ಲಿ ದೊಡ್ಡವನು ಓಗಾವಾ, ಐವತ್ತೈದರ ಸುಮಾರಿನ ಮಿತಭಾಷಿ. ಅವರ ಹಿಂದೆ ಮ್ಯಾನೇಜರು, ವೇಣುಗೋಪಾಲ್, ಅನಿತ. ವಾಣಿಶ್ರೀ ತಲೆ ಬಾಗಿಸಿ ವಂದಿಸಿದಳು. ಮೊದಲ ವಾಕ್ಯ ಬಂತು, ಎರಡನೆಯದು ಬಂತು, ಮೂರನೆಯದು ಅರ್ಧಕ್ಕೇ ನಿಂತಿತು. ಏನು ಮಾಡಿದರೂ ಮುಂದಿನ ಪದ ನೆನಪಾಗಲಿಲ್ಲ. ಓಗಾವಾ ಅವಳಿಗೆ ಮುಜುಗರವಾಗದಿರಲೆಂದು ಬೋರ್ಡಿನ ಕಡೆ ತಿರುಗಿ, ಒಂದು ಕನೆಕ್ಟರನ್ನು ಕೈಗೆತ್ತಿಕೊಂಡ. ಪಕ್ಕದವನ ಜೊತೆ ಮಾತಾಡುತ್ತಲೇ ಅದನ್ನು ಗೂಡಿಗೆ ಕೂರಿಸಿ ಕೈ ತೆಗೆದ.

ಟಕ್ ಎನ್ನಲಿಲ್ಲ.

ಬೇರೆ ಯಾರಿಗೂ ಅದು ಕೇಳಿಸಿರಲಾರದು. ಆಗದ ಸದ್ದು ಕೇಳಿಸುವುದಾದರೂ ಹೇಗೆ? ವಾಣಿಶ್ರೀಗೆ ಕೇಳಿಸಿತು. ಅವಳ ತೋರುಬೆರಳು ತಾನಾಗಿ ಮೇಲೆದ್ದಿತು.

"ದಮೆ. ಮೋ ಇಕ್ಕಾಯ್."

ಅಷ್ಟಕ್ಕೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಮೂರು ತಿಂಗಳು ಬೀಗ ಬಿದ್ದಿದ್ದ ನಾಲಗೆ ಅದು. ಮುಖದಲ್ಲಿರುವುದು ಕಣ್ಣೋ ತೂತೋ, ಕೈ ಇಲ್ಲಿ ಬಾಯಿ ಎಲ್ಲೋ ಇಟ್ಟುಕೊಂಡವನು ಕೆಲಸಕ್ಕೆ ಯಾಕೆ ಬಂದೆ, ಈ ವೈರು ಸಡಿಲವಾಗಿ ರಸ್ತೆಯಲ್ಲಿ ಕಾರು ನಿಂತರೆ ಒಳಗಿರುವ ಮಕ್ಕಳಿಗೆ ನಿಮ್ಮಪ್ಪ ಹೋಗಿ ಉತ್ತರ ಹೇಳುತ್ತಾನಾ: ಕುರೋಕಿಯ ಬೈಗುಳ ಕುರೋಕಿಯ ಊರಿನ ರಾಗದಲ್ಲಿ ಪೂರ್ತಿಯಾಗಿ ಹೊರಬಿತ್ತು.

ಅನಿತ ಕಣ್ಣು ಮುಚ್ಚಿಕೊಂಡರು. ವೇಣುಗೋಪಾಲ್ ಗೋಡೆ ಹಿಡಿದುಕೊಂಡರು. ಓಗಾವಾ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದು, ಕೈ ಎರಡೂ ತೊಡೆಗೆ ಅಂಟಿಸಿ, ನೆಟ್ಟಗೆ ನಿಂತು "ಹಾಯ್" ಎಂದ, ಹೌದು ಎಂದು ಒಪ್ಪಿಕೊಳ್ಳುವ ಮಾತು. ಮುಂದೆ ಬಂದು ಕನೆಕ್ಟರನ್ನು ಒತ್ತಿದ. ಟಕ್ ಎಂದಿತು. ಬೆರಳು ತೋರಿಸಿ "ಯೋಶಿ" ಎಂದು ಕೂಗಿದ. ಆಮೇಲೆ ತಾನು ಮಾಡಿದ್ದೇನೆಂದು ಅವನಿಗೇ ಹೊಳೆದಿರಬೇಕು. ಉಳಿದಿಬ್ಬರ ಮುಖ ನೋಡಿದ. ಅವರೂ ನೆಟ್ಟಗೆ ನಿಂತಿದ್ದರು.

"ಇದನ್ನು ನಿಮಗೆ ಕಲಿಸಿದವರು ಯಾರು?" ಎಂದು ಜಪಾನಿಯಲ್ಲಿ ಕೇಳಿದ.

"ಕುರೋಕಿ ಸಾನ್," ಎಂದಳು ವಾಣಿಶ್ರೀ.

ಮೂವರೂ ಒಟ್ಟಿಗೆ ನಕ್ಕರು. ಓಗಾವಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಮೂವತ್ತು ವರ್ಷದ ಹಿಂದೆ ತಾನು ಕೆಲಸಕ್ಕೆ ಸೇರಿದಾಗ ಮೊದಲನೆಯ ಜಾಗದಲ್ಲಿ ನಿಂತಿದ್ದೆ, ಪಕ್ಕದಲ್ಲಿ ಕುರೋಕಿ ಇದ್ದರು ಎಂದ. ಈ ಇಬ್ಬರಿಗೂ ಅವರೇ ಗುರು, ನಮ್ಮ ಕಂಪನಿಯಲ್ಲಿ ಅವರಿಂದ ಬೈಸಿಕೊಳ್ಳದೆ ಮೇಲೆ ಬಂದವರೇ ಇಲ್ಲ, ಆ ದನಿ ಇನ್ನು ಕೇಳುವುದಿಲ್ಲ ಎಂದುಕೊಂಡಿದ್ದೆ ಎಂದ. ಆಮೇಲೆ ಒಂದು ಕುರ್ಚಿ ಎಳೆದುಕೊಂಡು ಕೂತು, ಹತ್ತು ನಿಮಿಷದ ವಿವರಣೆಯನ್ನು ಅದೇ ಮಾತಿನಲ್ಲಿ, ಮೊದಲಿನಿಂದ ಹೇಳಬೇಕೆಂದು ಕೇಳಿಕೊಂಡ. ಅವಳು ಇಪ್ಪತ್ತೈದು ನಿಮಿಷ ಹೇಳಿದಳು. ಮುಗಿಸುವಾಗ ಅನಿತ ಕಲಿಸಿದ ಮರ್ಯಾದೆಯ ವಂದನೆಯನ್ನು ಮರೆಯದೆ ಸೇರಿಸಿದಳು. ಅನಿತ ಕಣ್ಣು ಬಿಟ್ಟು ನಕ್ಕರು. ವಾಣಿಶ್ರೀಯ ಬೆನ್ನು ಆವತ್ತು ಎಷ್ಟು ನೆಟ್ಟಗಿತ್ತೆಂದು ಲೈನಿನ ಹೆಂಗಸರು ಈಗಲೂ ನಿಂತು ತೋರಿಸುತ್ತಾರೆ. ನಮಗೂ ಹೆಮ್ಮೆಯೇ. ಯಾಕಿರಬಾರದು?

ಟ್ರೈನರ್ ಹುದ್ದೆಯ ಪತ್ರ ಆ ಶುಕ್ರವಾರ ಬಂತು. ಭಾನುವಾರ ಬೆಳಿಗ್ಗೆ ಅವಳ ಮೊಬೈಲಿಗೆ ಒಂದು ವಿಡಿಯೊ ಬಂತು. ಓಗಾವಾ ಸುದ್ದಿ ಮುಟ್ಟಿಸಿರಬೇಕು. ತಲೆಗೆ ಟವೆಲ್ ಸುತ್ತಿಕೊಂಡ ಕುರೋಕಿ ತನ್ನ ತರಕಾರಿ ತೋಟದಲ್ಲಿ ನಿಂತಿದ್ದಾನೆ. ನಗುವಿಲ್ಲ. ಬೆರಳನ್ನು ನೇರ ಕ್ಯಾಮೆರಾಕ್ಕೆ ತೋರಿಸುತ್ತಾನೆ. ಯೋಶಿ ಎನ್ನುತ್ತಾನೆ ಎಂದುಕೊಂಡಳು ವಾಣಿಶ್ರೀ.

"ಪರ್ವಾಗಿಲ್ಲ ಕಣೇ," ಎಂದ ಕುರೋಕಿ.

ಅಷ್ಟೇ ವಿಡಿಯೊ. ವಾಣಿಶ್ರೀ ಮತ್ತೆ ಹಾಕಿದಳು, ಮತ್ತೆ ಹಾಕಿದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ತೋಚಲಿಲ್ಲ. ಒಳಗೆ ಸೊಪ್ಪು ಸೋಸುತ್ತಿದ್ದ ರಾಮಲಕ್ಷ್ಮಮ್ಮ ದನಿ ಕೇಳಿ ಎದ್ದು ಬಂದು, ಸೊಸೆಯ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಟವೆಲ್ ಸುತ್ತಿದ ತಲೆಯ ಗುರುತು ಅವಳಿಗೆ ಹತ್ತಲಿಲ್ಲ.

"ಯಾರೇ ಇವ್ನು, ನನ್ ತರಾನೇ ಮಾತಾಡ್ತಾನೆ?" ಎಂದಳು.