ನೀಲಿ ಡ್ರಮ್ಮಿನ ನೀರು

ಡಾಕ್ಟರಮ್ಮ ನೇರವಾಗಿಯೇ ಕೇಳಿದ್ದರು. ನಾನು ಇಲ್ಲ ಎಂದೆ. ನಾನು ಒಪ್ಪಿಕೊಳ್ಳಬೇಕಾದದ್ದು ಅಷ್ಟೇ, ಆದರೆ ಅಲ್ಲಿಗೆ ಬರಲು ಸ್ವಲ್ಪ ಸುತ್ತಬೇಕು. ಬೇಸರಪಡದೆ ಜೊತೆಗೆ ಬನ್ನಿ.

ನಿನ್ನೆ ಮುಂಜಾನೆ ಪಕ್ಕದ ಮನೆಯವರು ಟಿವಿ ಮೇಜಿಗೆಂದು ಹೊಸ ಪ್ಲಾಸ್ಟಿಕ್ ಹಾಸು ತಂದು ಬಿಚ್ಚಿದರು. ಆ ವಾಸನೆ ನಿಮಗೂ ಗೊತ್ತು. ಹೊಸ ರೇನ್‌ಕೋಟಿನದು, ಹೊಸ ಚಪ್ಪಲಿಯದು. ನನಗೆ ಅದು ಬಾಲಾನಗರದ ವಾಸನೆ.

ನಾವು ಯಾದಗಿರಿ ಕಡೆಯವರು. ಐದನೇ ಇಯತ್ತೆಗೆ ನನ್ನ ಶಾಲೆ ಮುಗಿಯಿತು; ಮುಂದೆ ದುಡಿಮೆಗೆಂದು ತೆಲುಗು ಸೀಮೆಯ ಶಹರಕ್ಕೆ ಬಂದೆವು, ಅಲ್ಲಿಯ ಬಾಲಾನಗರದಲ್ಲಿ ಮೆತ್ತನೆಯ ಪೈಪು ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸ. ಪ್ಲಾಸ್ಟಿಕ್ ಪುಡಿಯನ್ನು ಹಾಗೇ ಕಾಯಿಸಿದರೆ ಗಟ್ಟಿ ಪೈಪು. ಒಂದು ಬಗೆಯ ಎಣ್ಣೆ ಸುರಿದು ಕಲೆಸಿದರೆ ಮೆತ್ತನೆಯದು. ಹಿಟ್ಟು ನಾದಿ ಬೆಳೆದವಳಿಗೆ ಅದೇನು ದೊಡ್ಡ ವಿದ್ಯೆಯಲ್ಲ. ಎಣ್ಣೆ ಬರುತ್ತಿದ್ದದ್ದು ನೀಲಿ ಡ್ರಮ್ಮುಗಳಲ್ಲಿ. ಖಾಲಿಯಾದದ್ದನ್ನು ಮೇಸ್ತ್ರಿ ಹಬ್ಬಕ್ಕೆ ಒಬ್ಬೊಬ್ಬರಿಗೆ ಕೊಡುತ್ತಿದ್ದ. ನಳದಲ್ಲಿ ದಿನ ಬಿಟ್ಟು ದಿನ ನೀರು ಬರುವ ಓಣಿಯಲ್ಲಿ ಅಂಥ ಡ್ರಮ್ ಇದ್ದವರೇ ಸಾಹುಕಾರರು. ನಾನು ಒಂದನ್ನು ಉರುಳಿಸಿಕೊಂಡು ಬಂದ ದಿನ ಓಣಿಯ ಹೆಂಗಸರು ಬಂದು ಬಡಿದು ನೋಡಿ ಹೋದರು. ತಕ್ಕ ವರನನ್ನು ಹುಡುಕಿ ತಂದಷ್ಟು ಜಂಬ ನನಗೆ. ಸಾಬೂನು ಪುಡಿ, ಹುಣಸೆಹಣ್ಣು, ಬೂದಿ ಎಲ್ಲ ಹಾಕಿ ತಿಕ್ಕಿದೆ. ಜಿಡ್ಡು ಹೋಯಿತು, ವಾಸನೆ ಹೋಗಲಿಲ್ಲ. ಬಿಸಿ ಚಹಾವನ್ನೇ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಬರುವ ಊರಿದು, ವಾಸನೆಗೆ ಯಾರು ತಕರಾರು ತೆಗೆಯುತ್ತಾರೆ?

ಅವ್ವ ಆಗ ಬಸುರಿ. ಮೊದಲ ತಂಬಿಗೆ ಕುಡಿದು, "ನೀರು ಚಪ್ಪಲಿ ನಾತ ಹೊಡೀತಾವಲ್ಲ" ಎಂದು ನಕ್ಕಳು. ಮುಂದೆಯೂ ಅದನ್ನೇ ಕುಡಿದಳು.

ಹುಟ್ಟಿದವಳು ನನ್ನ ತಂಗಿ ಮಾದೇವಿ. ಅವಳ ಗಂಜಿ ಬೆಂದದ್ದೂ ಅದೇ ನೀರಿನಲ್ಲಿ. ಅವಳು ಶಾಲೆಗೆ ಹೋಗುವ ಹೊತ್ತಿಗೆ ಡ್ರಮ್ ಸೀಳಿತು. ಅವಳಿಗೆ ಅದರ ನೆನಪೇ ಇಲ್ಲ. ಮೈ ಮಾತ್ರ ತುಂಬುತ್ತಲೇ ಹೋಯಿತು. ಅದೇ ಊಟ ಉಂಡು ಅದೇ ನೀರು ಕುಡಿದ ನಾನು ಒಣಕಟ್ಟಿಗೆ. ಹಾಗಾಗಿ ತಪ್ಪೆಲ್ಲ ಅವಳ ಬಾಯಿಯದೇ ಎಂದುಕೊಂಡೆ. ಅವ್ವ ತೀರಿಕೊಂಡ ಮೇಲೆ ರೊಟ್ಟಿ ಬುಟ್ಟಿ ನನ್ನ ಕೈಗೆ ಬಂತು. ಎರಡನೇ ರೊಟ್ಟಿಗೆ ಅವಳು ಕೈ ಚಾಚಿದರೆ ಬುಟ್ಟಿಯನ್ನು ನನ್ನ ಕಡೆಗೆ ಎಳೆದುಕೊಳ್ಳುತ್ತಿದ್ದೆ. "ಇಕೀ ಸಲವಾಗಿ ಬಾಗಲಾ ಅಗಲ ಮಾಡಸಬೇಕ್ರಿ" ಎಂದು ಬಂದವರನ್ನು ನಗಿಸುತ್ತಿದ್ದೆ. ಅವಳೂ ನಗುತ್ತಿದ್ದಳು.

ಹೋದ ವರ್ಷ ಅವಳ ಮುಟ್ಟು ತಿಂಗಳುಗಟ್ಟಲೆ ನಿಂತಿತೆಂದು ದವಾಖಾನೆಗೆ ಕರೆದೊಯ್ದೆ. ಡಾಕ್ಟರಮ್ಮ ತೆಲುಗಿನಲ್ಲಿ ಸಾವಕಾಶವಾಗಿ ತಿಳಿಸಿ ಹೇಳಿದರು. ಮೈ ಬರುವುದು ಬರೀ ಊಟದಿಂದಲ್ಲ. ಹಸಿವಿಗೆ, ಕೊಬ್ಬಿಗೆ ಹುಕುಂ ಕೊಡುವ ಹಾರ್ಮೋನುಗಳು ಮೈಯೊಳಗಿವೆ. ಪ್ಲಾಸ್ಟಿಕ್ ಮೆತ್ತಗೆ ಮಾಡುವಂಥ ಕೆಲವು ರಾಸಾಯನಿಕಗಳು ಒಳಹೊಕ್ಕರೆ ಆ ಹುಕುಂ ಕೆಡಬಹುದು, ಹೊಟ್ಟೆಯಲ್ಲಿರುವ ಕೂಸಿಗೆ ಅಪಾಯ ಹೆಚ್ಚು ಎನ್ನುತ್ತಾರೆ. ಕಾರಣ ಹಲವಿರುತ್ತವೆ, ಒಬ್ಬರನ್ನು ನೋಡಿ ಇದರಿಂದಲೇ ಎಂದು ಹೇಳಲಾಗದು. ಆಮೇಲೆ ನನ್ನ ಕಡೆ ತಿರುಗಿ, ಈ ಕಡೆಯ ಓಣಿಗಳಲ್ಲಿ ಹಲವರು ನೀರಿಗೆ ಇಟ್ಟುಕೊಳ್ಳುವಂತೆ ಕಾರ್ಖಾನೆಯ ಡ್ರಮ್ಮು ಏನಾದರೂ ಮನೆಯಲ್ಲಿ ಬಳಸಿದ್ದಿರೇ ಎಂದರು.

ಆ ಕೆಲಸ ಬಿಟ್ಟು ವರ್ಷಗಳಾಗಿದ್ದರೂ, ಇನ್ನೂ ವಾಸನೆ ಬಂದೀತೆಂಬಂತೆ ಕೈಗಳನ್ನು ಸೆರಗಿನೊಳಗೆ ಸರಿಸಿಕೊಂಡೆ. ಹೌದೆಂದರೆ ಅಷ್ಟು ವರ್ಷ ಆಡಿಕೊಂಡು ನಕ್ಕದ್ದೆಲ್ಲ ನನ್ನ ಮೇಲೇ ಬರುತ್ತಿತ್ತು. ಇಲ್ಲ ಎಂದೆ. ಪಕ್ಕದಲ್ಲಿ ಕೂತಿದ್ದ ಮಾದೇವಿ ತಲೆ ತಗ್ಗಿಸಿದಳು. ಹಾಗಾದರೆ ತನ್ನ ಬಾಯಿಯೇ ಕಾರಣ ಎಂದುಕೊಂಡಳು.

ಅಂದಿನಿಂದ ಮಧ್ಯಾಹ್ನದ ಬುತ್ತಿ ಒಯ್ಯುವುದನ್ನು ಬಿಟ್ಟಳು. ಮಿಯಾಪುರದ ಅಪಾರ್ಟ್‌ಮೆಂಟ್ ಒಂದರಲ್ಲಿ ನೆಲ ಒರೆಸುವ ಕೆಲಸ ಅವಳದು. ನಿನ್ನೆ ಮಧ್ಯಾಹ್ನ ಅಲ್ಲಿಯೇ ಕುಸಿದಳೆಂದು ಜೊತೆಯ ಹೆಂಗಸರು ಆಟೋದಲ್ಲಿ ಕರೆತಂದರು. ನೀರು ಕುಡಿಸಲು ಬಾಗಿದೆ. ಕಣ್ಣು ಪೂರ್ತಿ ಬಿಡುವ ಮೊದಲೇ ಅವಳೆಂದಳು: "ಯಕ್ಕಾ, ಖರೇನ ಮುಂಜಾನಿಂದ ನಾ ಏನೂ ತಿಂದಿಲ್ಲ."

ಇನ್ನು ಬಚ್ಚಿಟ್ಟುಕೊಳ್ಳಲು ಆಗಲಿಲ್ಲ. ಡ್ರಮ್ಮಿನ ವಿಷಯ ಹೇಳಿದೆ, ಡಾಕ್ಟರಮ್ಮನಿಗೆ ಸುಳ್ಳು ಹೇಳಿದ್ದನ್ನೂ ಹೇಳಿದೆ. ಅದರಿಂದಲೇ ಹೀಗಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಾಗಲಿಕ್ಕಿಲ್ಲ ಎಂದೆ. ಅವಳು ಗೋಡೆಗೆ ಮುಖ ಮಾಡಿ ಮಲಗಿದಳು.

"ಡ್ರಮ್ ಇರ್ಲಿ ಬಿಡು," ಎಂದಳು. "ದವಾಖಾನಿಯಿಂದ ಬಂದ ಮ್ಯಾಲೂ ಬುಟ್ಟಿ ಯಾಕ ಎಳಕೊಂತಿದ್ದಿ?"

ನಾನು ನೆಲಕ್ಕೆ ಕೂತು, ಅವಳ ಬೆನ್ನಿಗೇ ಹೇಳಿದೆ:

"ಡ್ರಮ್ ತಂದಾಗ ನನಗ ಗೊತ್ತಿರಲಿಲ್ಲ. ದವಾಖಾನಿಯಿಂದ ಬಂದು ಬುಟ್ಟಿ ಎಳಕೊಳ್ಳೂಮುಂದ ಗೊತ್ತಿತ್ತು. ತಪ್ಪಾತವಾ ಮಾದೇವಿ, ನಂದು ಭಾಳ ತಪ್ಪಾತು."